ಮೇಲ್ ಮನೆಯಲ್ಲೇ ಇರಲಿ

ಬೆಂಗಳೂರಿನ ರಾಜಾಜಿನಗರ, ಕಾಮಾಕ್ಷಿಪಾಳ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ, ಬಸವೇಶ್ವರನಗರದಲ್ಲಿ ಕೆಳಗೆ ಆಫೀಸು ಮೇಲೆ ಮನೆ ಮಾಡಿಕೊಂಡಿರುವ ಆಡಿಟರುಗಳಲ್ಲಿ ಒಂದು ತೊಂದರೆ ಇನ್ನೂ ಉಳಿದಿದೆ. ಇಮೇಲ್ ವಿಳಾಸ ಒಂದೇ, ಅದನ್ನು ನೋಡುವ ಕಂಪ್ಯೂಟರು ಮೂರೋ ನಾಲ್ಕೋ. ಗಿರಾಕಿ ಕಳಿಸಿದ ಡ್ರಾಯಿಂಗು ಲೆಕ್ಕ ಬರೆಯುವವರ ಕಂಪ್ಯೂಟರಿಗೆ ಇಳಿದುಬಿಟ್ಟಿರುತ್ತದೆ, ಮೆಷಿನ್ ಪಕ್ಕದ ಕಂಪ್ಯೂಟರಿನಲ್ಲಿ ಅದರ ಸುಳಿವೇ ಇರುವುದಿಲ್ಲ. ಉತ್ತರ ಹೋಯಿತೋ ಇಲ್ಲವೋ ಯಾರಿಗೂ ಖಾತ್ರಿಯಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟರೆ ವರ್ಷಗಟ್ಟಲೆ ಪತ್ರವ್ಯವಹಾರ ಅದರ ಜೊತೆಗೇ ಹೋಗುತ್ತದೆ.

ತೊಂದರೆಯ ಬೇರು ‘ಪಾಪ್’ ಎಂಬ ನಿಯಮಾವಳಿಯಲ್ಲಿದೆ. 1984ರಲ್ಲಿ ಹುಟ್ಟಿದ ಇದರ ಲೆಕ್ಕಾಚಾರ ಸರಳ: ಸರ್ವರಿಗೆ ಹೋಗು, ಬಂದಿರುವ ಮೇಲ್ ಇಳಿಸಿಕೋ, ಅಲ್ಲಿಂದ ಅಳಿಸು. ಮನುಷ್ಯನಿಗೆ ಒಂದೇ ಕಂಪ್ಯೂಟರ್ ಇದ್ದ ಕಾಲಕ್ಕೆ ಅಷ್ಟು ಸಾಕಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಬೇರೆ ದಾರಿ ಹಿಡಿದರು. ಮೇಲ್ ಸರ್ವರಿನಲ್ಲೇ ಇರಲಿ, ಕಂಪ್ಯೂಟರುಗಳು ಬಂದು ಅದನ್ನು ನೋಡಿಕೊಂಡು ಹೋಗಲಿ ಎಂಬುದು ಅವರ ಆಲೋಚನೆ. ಅದೇ ಐಮ್ಯಾಪ್.

ಐಮ್ಯಾಪ್‌ನಲ್ಲಿ ಪ್ರತಿ ಮೇಲ್‌ಗೂ ಆಯಾ ಫೋಲ್ಡರಿನೊಳಗೆ ಒಂದು ಕ್ರಮಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಏರುತ್ತಲೇ ಹೋಗುತ್ತದೆ. ಮೇಲ್ ಅಳಿಸಿದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಕೆಳಗಿನ ಆಫೀಸಿನ ಕಂಪ್ಯೂಟರ್ ‘4,210ರವರೆಗೆ ನನ್ನಲ್ಲಿದೆ, ಮುಂದಿನದು ಕೊಡು’ ಎಂದರೆ ಸಾಕು. ಓದಿದ್ದು, ಉತ್ತರಿಸಿದ್ದು, ಅಳಿಸಬೇಕಾದದ್ದು ಎಂಬ ಗುರುತುಗಳೂ ಸರ್ವರಿನಲ್ಲೇ ಇರುವುದರಿಂದ ಮಹಡಿಯ ಮೇಲೆ ಓದಿದ ಮೇಲ್ ಕೆಳಗೂ ಓದಿದ್ದಾಗಿಯೇ ಕಾಣುತ್ತದೆ. ನಾವು ಡಿಲೀಟ್ ಒತ್ತಿದಾಗ ಕೂಡ ಮೇಲ್ ತಕ್ಷಣ ಹೋಗುವುದಿಲ್ಲ. ಮೊದಲು ಗುರುತು ಬೀಳುತ್ತದೆ, ಪೂರ್ತಿ ತೆಗೆದುಹಾಕಲು ಇನ್ನೊಂದು ಆದೇಶ ಬೇಕು. ಆ ಎರಡು ಹೆಜ್ಜೆಗಳ ನಡುವಿನ ಅಂತರ ಎಷ್ಟೋ ಮೇಲ್‌ಗಳನ್ನು ಉಳಿಸಿದೆ.

ದೊಡ್ಡ ಕಂಪನಿಗಳ ಮೇಲ್ ಸೇವೆಯಲ್ಲೂ ಐಮ್ಯಾಪ್ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಖಾತೆ ಸ್ಥಗಿತವಾದ ದಿನ, ಜಾಗ ತುಂಬಿದ ದಿನ, ಇಂಟರ್ನೆಟ್ ಕೇಬಲ್ ಕತ್ತರಿಸಿಹೋದ ದಿನ ನಮ್ಮ ಹಳೆಯ ಪತ್ರಗಳೇ ನಮಗೆ ಸಿಗುವುದಿಲ್ಲ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರೊಂದನ್ನು ರೌಟರ್ ಪಕ್ಕದಲ್ಲಿಟ್ಟು ಅದರಲ್ಲಿ ಡವ್‌ಕಾಟ್ ಎಂಬ ಉಚಿತ ಐಮ್ಯಾಪ್ ತಂತ್ರಾಂಶ ಹಾಕಿದರೆ ಆ ಪತ್ರಗಳೆಲ್ಲ ಮನೆಯಲ್ಲೇ ಇರುತ್ತವೆ. ಹೊರಗಿನ ಸೇವೆಯಿಂದ ಕೆಲವು ನಿಮಿಷಕ್ಕೊಮ್ಮೆ ಹೊಸ ಮೇಲ್ ತಂದುಹಾಕುವ ಕೆಲಸ ಫೆಚ್‌ಮೇಲ್ ಎಂಬ ಇನ್ನೊಂದು ತಂತ್ರಾಂಶದ್ದು. ಅದಕ್ಕೆ ಖಾತೆಯ ಮಾಮೂಲಿ ಪಾಸ್‌ವರ್ಡ್ ಬದಲು ಪ್ರತ್ಯೇಕ ಆಪ್ ಪಾಸ್‌ವರ್ಡ್ ಕೊಡಬೇಕಾಗಬಹುದು. ಐದು ವಾಟ್ ಎಳೆಯುವ ಯಂತ್ರ ಹಗಲೂ ರಾತ್ರಿ ನಡೆದರೂ ತಿಂಗಳಿಗೆ ಮೂರೂವರೆ ಯೂನಿಟ್ಟಿನ ಆಸುಪಾಸು.

ಬೆಂಗಳೂರಿಗೆ ಈ ಏರ್ಪಾಡು ಹೊಸದಲ್ಲ. ಸಾರ್ವಜನಿಕರಿಗೆ ಇಂಟರ್ನೆಟ್ ಸಿಗುವ ಮೊದಲೇ ಅತುಲ್ ಚಿಟ್ನಿಸ್ ಇಲ್ಲಿ ಸಿಕ್ಸ್ ಎಂಬ ಬುಲೆಟಿನ್ ಬೋರ್ಡ್ ನಡೆಸುತ್ತಿದ್ದರು; ಸದಸ್ಯರು ಮೋಡೆಮ್‌ನಿಂದ ಡಯಲ್ ಮಾಡಿ ಸಂದೇಶ ಇಳಿಸಿಕೊಳ್ಳುತ್ತಿದ್ದರು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೇಶದಲ್ಲಿ ಸಾರ್ವಜನಿಕ ಇಂಟರ್ನೆಟ್ ಸೇವೆ ಆರಂಭಿಸಿದ ಮೇಲೆ ಅನೇಕ ಆಫೀಸುಗಳಿಗೆ ಒಂದೇ ಖಾತೆ, ಒಂದೇ ಫೋನ್ ಲೈನ್. ಮೂಲೆಯ ಲಿನಕ್ಸ್ ಯಂತ್ರ ಆಗಾಗ ಡಯಲ್ ಮಾಡಿ, ಮೇಲ್ ಎಳೆದುಕೊಂಡು, ಅವರವರ ಪೆಟ್ಟಿಗೆಗೆ ಹಂಚಿ, ಲೈನ್ ಬಿಡುತ್ತಿತ್ತು. ಫೆಚ್‌ಮೇಲ್ 1996ರಲ್ಲಿ ಬಂದದ್ದೇ ಇಂಥ ಸಂಪರ್ಕಗಳಿಗಾಗಿ. ಮುಂದೆ ಬೆಂಗಳೂರಿನ ಡೀಪ್‌ರೂಟ್ ಲಿನಕ್ಸ್ ಸಂಸ್ಥೆ ಮೇಲ್ ಸರ್ವರಿಗೆಂದೇ ಡೀಪ್‌ಓಫಿಕ್ಸ್ ಎಂಬ ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸಿತು.

ಕರೆಂಟ್ ಹೋದರೆ? ಇಲ್ಲಿ ಮೇಲ್‌ಡಿರ್ ಎಂಬ ಶೇಖರಣಾ ಕ್ರಮವನ್ನು ಹತ್ತಿರದಿಂದ ನೋಡಬೇಕು. ಹಳೆಯ ಪದ್ಧತಿಯಲ್ಲಿ ಇಡೀ ಇನ್‌ಬಾಕ್ಸ್ ಒಂದೇ ದೊಡ್ಡ ಫೈಲು. ಅದಕ್ಕೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಪೂರ್ತಿ ಇನ್‌ಬಾಕ್ಸಿಗೇ ಅಪಾಯ. 1990ರ ದಶಕದ ನಡುವೆ ಡೇನಿಯಲ್ ಬರ್ನ್‌ಸ್ಟೈನ್ ಒಂದೊಂದು ಮೇಲ್‌ಗೂ ಒಂದೊಂದು ಫೈಲ್ ಮಾಡಿದರು. ಮೇಲ್ ಮೊದಲು ‘ಟೆಂಪ್’ ಎಂಬ ಫೋಲ್ಡರಿನಲ್ಲಿ ಬರೆಯಲ್ಪಡುತ್ತದೆ. ಕೊನೆಯ ಅಕ್ಷರದವರೆಗೂ ಡಿಸ್ಕಿಗೆ ಇಳಿದ ನಂತರವೇ ‘ನ್ಯೂ’ಗೆ ಹೋಗುತ್ತದೆ. ಐಮ್ಯಾಪ್ ತಂತ್ರಾಂಶ ಅದನ್ನು ಗಮನಿಸಿದ ಮೇಲೆ ‘ಕರ್’ಗೆ. ಮಧ್ಯದಲ್ಲಿ ವಿದ್ಯುತ್ ನಿಂತರೆ ಟೆಂಪ್‌ನಲ್ಲಿ ಅರ್ಧ ಫೈಲೊಂದು ಉಳಿಯಬಹುದೇ ಹೊರತು ಹಳೆಯ ಮೇಲ್‌ಗಳ ತಂಟೆಗೆ ಏನೂ ಹೋಗುವುದಿಲ್ಲ. ಓದಿದಿರಿ ಎಂಬ ಗುರುತು ಕೂಡ ಫೈಲಿನ ಹೆಸರಿನ ತುದಿಗೆ ಸೇರುವ ‘ಎಸ್’ ಎಂಬ ಒಂದೇ ಅಕ್ಷರ, ಉತ್ತರಿಸಿದ್ದರೆ ‘ಆರ್’. ಇಷ್ಟು ಸರಳ ಉಪಾಯದಿಂದ ಇಷ್ಟು ಗಟ್ಟಿತನ ಬಂದಿರುವುದು ನನಗೆ ಈಗಲೂ ಸೋಜಿಗ. ಹಾಗೆಂದು ಮೆಮೊರಿ ಕಾರ್ಡನ್ನೇ ನಂಬಬೇಡಿ. ಮೇಲ್ ಎಸ್‌ಎಸ್‌ಡಿಯಲ್ಲಿರಲಿ, ರೌಟರಿಗೂ ಪೈಗೂ ಚಿಕ್ಕ ಯುಪಿಎಸ್ ಇರಲಿ.

ಮನೆಯ ಯಂತ್ರದಿಂದ ನೇರವಾಗಿ ಮೇಲ್ ಕಳಿಸುವ ಆಸೆ ಮಾತ್ರ ಬಿಡುವುದು ವಾಸಿ. ಸರ್ವರಿನಿಂದ ಸರ್ವರಿಗೆ ಮೇಲ್ ಸಾಗುವುದು 25ನೇ ಪೋರ್ಟಿನಲ್ಲಿ. ಮನೆ ಸಂಪರ್ಕಗಳಲ್ಲಿ ಅದು ಹೆಚ್ಚಾಗಿ ಮುಚ್ಚಿರುತ್ತದೆ. ತೆರೆದಿದ್ದರೂ, ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳಿಂದ ಕಸದ ಮೇಲ್ ಸುರಿದ ಇತಿಹಾಸವಿರುವುದರಿಂದ ಅಂಥ ವಿಳಾಸಗಳಿಂದ ಬಂದದ್ದನ್ನು ದೊಡ್ಡ ಸೇವೆಗಳು ನಂಬುವುದಿಲ್ಲ. ಕಳಿಸುವ ಕೆಲಸ ಹೊರಗಿನ ಸೇವೆಯದೇ ಆಗಿರಲಿ, 587ನೇ ಪೋರ್ಟಿನ ಮೂಲಕ, ಪಾಸ್‌ವರ್ಡ್ ಸಮೇತ. ಕಳಿಸಿದ್ದರ ಪ್ರತಿ ಮನೆಯ ‘ಸೆಂಟ್’ ಫೋಲ್ಡರಿನಲ್ಲಿ ಉಳಿಯುವಂತೆ ಪ್ರತಿ ಕಂಪ್ಯೂಟರಿನಲ್ಲೂ ಹೊಂದಿಸಿದರೆ ಯಾರು ಏನು ಉತ್ತರಿಸಿದರು ಎಂಬುದು ಎಲ್ಲರಿಗೂ ಕಾಣುತ್ತದೆ.

ವಿಜಯನಗರದ ಮೆಟ್ರೋದಲ್ಲಿ ಕುಳಿತು ಫೋನಿನಿಂದ ಈ ಪೆಟ್ಟಿಗೆ ನೋಡಬೇಕೆಂದರೆ ಇನ್ನೊಂದು ತೊಡಕಿದೆ. ಹಲವು ಕಂಪನಿಗಳು ನೂರಾರು ಮನೆಗಳಿಗೆ ಒಂದೇ ಐಪಿ ವಿಳಾಸ ಹಂಚುತ್ತವೆ. ಮನೆಯಿಂದ ಹೊರಗೆ ಹೋಗಬಹುದು, ಹೊರಗಿನಿಂದ ನೇರ ಒಳಗೆ ಬರಲಾಗದು. ಸ್ಟ್ಯಾಟಿಕ್ ಐಪಿ ಕೊಂಡುಕೊಳ್ಳಬಹುದು, ಅಥವಾ ಐಪಿವಿ6 ಬಳಸಬಹುದು. ಯಾವುದಾದರೂ ಸರಿ, ಐಮ್ಯಾಪ್ ಪೋರ್ಟನ್ನು ಊರಿಗೆಲ್ಲ ತೆರೆದಿಡಬೇಡಿ. ವೈರ್‌ಗಾರ್ಡ್‌ನಂಥ ವಿಪಿಎನ್ ಹಾಕಿಕೊಂಡು ಅದರ ಮೂಲಕವೇ ಬನ್ನಿ.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಬ್ಯಾಕಪ್ ಬಗ್ಗೆ. ನಾಲ್ಕು ಕಂಪ್ಯೂಟರಿನಲ್ಲಿ ಮೇಲ್ ಕಾಣುತ್ತಿದೆ ಎಂದರೆ ನಾಲ್ಕು ಪ್ರತಿ ಇದೆ ಎಂದಲ್ಲ. ಒಂದರಲ್ಲಿ ಅಳಿಸಿದರೆ ನಾಲ್ಕರಲ್ಲೂ ಹೋಗುತ್ತದೆ. ಫೆಚ್‌ಮೇಲ್ ತಂದ ಮೇಲ್ ಹೊರಗಿನ ಸೇವೆಯಲ್ಲೂ ಕೆಲ ಕಾಲ ಉಳಿಯುವಂತೆ ಮಾಡಿ. ರಾತ್ರಿ ಹೊತ್ತು ಮೇಲ್‌ಡಿರ್ ಫೋಲ್ಡರಿನ ನಕಲು ಇನ್ನೊಂದು ಡಿಸ್ಕಿಗೆ ಹೋಗಲಿ, ಮತ್ತೊಂದು ನಕಲು ಕೆಂಗೇರಿಯ ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಪಾಸ್‌ವರ್ಡ್ ಬೀಗ ಹಾಕಿದ ಡ್ರೈವಿನಲ್ಲಿರಲಿ. ಆಗಾಗ ಆ ನಕಲನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಡವ್‌ಕಾಟ್ ಚಾಲೂ ಮಾಡಿ, ಎರಡು ವರ್ಷದ ಹಿಂದಿನ ಒಂದು ಮೇಲ್‌ನ ಅಟ್ಯಾಚ್‌ಮೆಂಟ್ ತೆರೆದು ನೋಡಿ.