ಜಾಕ್ಸನ್ ಹೈಟ್ಸ್‌ನ ಥಕಾಲಿ ಊಟ
ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿರುವ ವಲಸಿಗರ ಬಡಾವಣೆ ಜಾಕ್ಸನ್ ಹೈಟ್ಸ್‌ನ ನೇಪಾಳಿ ಹೋಟೆಲುಗಳು ಮೊಮೊ ಎಂಬ, ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಕಡುಬಿಗೆ ಹೆಸರಾಗಿದ್ದರೂ, ನೇಪಾಳದ ಅಡುಗೆಯ ನಿಜವಾದ ಹದ ತಿಳಿಯುವುದು ಥಕಾಲಿ ಊಟದಲ್ಲಿಯೇ. ಮುಸ್ತಾಂಗ್ ಜಿಲ್ಲೆಯ ಕಾಳಿ ಗಂಡಕಿ ಕಣಿವೆಯವರಾದ ಥಕಾಲಿಗಳು, ಟಿಬೆಟ್ಟಿನ ಉಪ್ಪು ಕೆಳನಾಡಿಗೆ ಇಳಿದು ಅಲ್ಲಿನ ಧಾನ್ಯ ಮೇಲೇರುತ್ತಿದ್ದ ದಾರಿಯಲ್ಲಿ ತಂಗುಮನೆಗಳನ್ನು ನಡೆಸಿ, ದಣಿದ ವ್ಯಾಪಾರಿಗಳಿಗೆ ಉಣಬಡಿಸುವುದನ್ನೇ ಕಸುಬಾಗಿ ಬೆಳೆಸಿದವರು. ತಟ್ಟೆಯ ನಡುವೆ ಅನ್ನವಿರುತ್ತದೆ, ಇಲ್ಲವೇ ಕುದಿನೀರಿಗೆ ರಾಗಿಯಂಥ ಧಾನ್ಯದ ಹಿಟ್ಟು ಹಾಕಿ ಗಟ್ಟಿಯಾಗಿ ತಿರುವಿದ, ನಮ್ಮ ಮುದ್ದೆಗೆ ತೀರಾ ಹತ್ತಿರದ ಢಿಂಡೊ ಇರುತ್ತದೆ. ಪಕ್ಕದಲ್ಲಿ ಸೊಪ್ಪನ್ನು ಹುಳಿಬರಿಸಿ ಒಣಗಿಸಿದ ಗುಂದ್ರುಕ್, ಉಪ್ಪಿನಕಾಯಿ, ಪಲ್ಯ. ಎಲ್ಲಕ್ಕಿಂತ ಗಮನಾರ್ಹವಾದುದು ಕಪ್ಪು ಉದ್ದಿನ ದಾಲ್: ಅದಕ್ಕೆ ಬೀಳುವ ಒಗ್ಗರಣೆಯಲ್ಲಿ, ಈರುಳ್ಳಿಯ ಕುಲಕ್ಕೆ ಸೇರಿದ ಜಿಂಬು ಎಂಬ ಹಿಮಾಲಯದ ಸಸ್ಯದ ಒಣ ಎಲೆಗಳು ಬಿಸಿತುಪ್ಪದಲ್ಲಿ ಕ್ಷಣಮಾತ್ರದಲ್ಲಿ ಕಪ್ಪೇರಿ, ಬೆಳ್ಳುಳ್ಳಿಯನ್ನು ಹೋಲುವ ಘಮವನ್ನು ಇಡೀ ಬಟ್ಟಲಿಗೆ ಹರಡುತ್ತವೆ.