ಗಾಜಿನ ಪೆಟ್ಟಿಗೆಯ ಎಂಜಿನ್ ಹಳಿಗೆ ಇಳಿದರೆ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್‌ನಲ್ಲಿ 615 ಎಕರೆ ವಿಸ್ತಾರದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿ 3ರಂದು ಅಡಿಗಲ್ಲು ಕಂಡು, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಈ ಕಾರ್ಖಾನೆ ಮೊದಲು ಕೈಗೆತ್ತಿಕೊಂಡದ್ದು 3 ಟನ್ ವರ್ಗದ ಹಗುರ ಹೆಲಿಕಾಪ್ಟರನ್ನು. ಅದನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ 87 ಪಟ್ಟು ಕುಗ್ಗಿಸಿದರೆ ಎಷ್ಟು ತೂಗೀತು? 3 ಟನ್ನಿನ ಎಂಬತ್ತೇಳನೇ ಒಂದು ಪಾಲು ಎನ್ನುವುದು ತಪ್ಪು ಉತ್ತರ. ಮೂರೂ ಕಡೆ ಕುಗ್ಗುವುದರಿಂದ 87ನ್ನು 87ರಿಂದ ಗುಣಿಸಿ, ಬಂದದ್ದನ್ನು ಮತ್ತೆ 87ರಿಂದ ಗುಣಿಸಬೇಕು. ಹಾಗೆ ಬಂದ 6,58,503ರಿಂದ ಭಾಗಿಸಿದರೆ ಉಳಿಯುವುದು ಸುಮಾರು ನಾಲ್ಕೂವರೆ ಗ್ರಾಂ, ಒಂದು ಚಮಚ ಸಕ್ಕರೆಯಷ್ಟು. 87ನ್ನೇ ಆರಿಸಿಕೊಳ್ಳಲು ಕಾರಣವಿದೆ: ಜಗತ್ತಿನ ಮಾದರಿ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಅದೇ. ಆಕಾರ ಒಂದು ಲೆಕ್ಕದಲ್ಲಿ ಕುಗ್ಗಿದರೆ ತೂಕ ಇನ್ನೊಂದು ಲೆಕ್ಕದಲ್ಲಿ ಕುಗ್ಗುತ್ತದೆ, ಘರ್ಷಣೆಯದು ಬೇರೆಯೇ ಲೆಕ್ಕ. ಷೋಕೇಸಿನಲ್ಲಿ ನಿಂತ ಎಂಜಿನ್ ಮಾದರಿಯನ್ನು ಹಳಿಯ ಮೇಲೆ ಓಡಿಸಲು ಹೊರಟವರಿಗೆ ಎದುರಾಗುವ ಕಷ್ಟಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಹಾಗಾಗಿ ಆ ಕೆಲಸಕ್ಕೆ ಬರೀ ಮೋಟಾರು ಕೂರಿಸಿದರೆ ಸಾಲದು, ಕುಗ್ಗಿದ ಲೋಕದ ಭೌತವಿಜ್ಞಾನಕ್ಕೆ ತಕ್ಕಂತೆ ಎಂಜಿನ್ನನ್ನು ಹೊಸದಾಗಿ ರೂಪಿಸಬೇಕು.

ತುಮಕೂರು–ಗುಬ್ಬಿ ಹಳಿ ಬ್ರಾಡ್‌ಗೇಜ್ ಆದ ಮೇಲೆ ವರ್ಷಗಟ್ಟಲೆ ಓಡಾಡಿದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನನ್ನೇ ನೋಡೋಣ. ಉದ್ದ ಸುಮಾರು 17 ಮೀಟರ್, ತೂಕ 112.8 ಟನ್, ಶಕ್ತಿ 2,600 ಅಶ್ವಶಕ್ತಿ. 87 ಪಟ್ಟು ಕುಗ್ಗಿದ ಮಾದರಿ ಒಂದು ಗೇಣಿಗಿಂತ ಚೂರು ಕಡಿಮೆ ಉದ್ದವಿದ್ದು 171 ಗ್ರಾಂ ತೂಗಬೇಕು. ಒಳಗೆ ಟೊಳ್ಳಾಗಿರುವ ಪ್ಲಾಸ್ಟಿಕ್ ಮಾದರಿ ಅಷ್ಟೂ ತೂಗುವುದಿಲ್ಲ. ಎಂಜಿನ್ ಎಷ್ಟು ಎಳೆಯಬಲ್ಲದು ಎಂಬುದನ್ನು ನಿರ್ಧರಿಸುವುದು ಮೋಟಾರಿನ ಬಲವೊಂದೇ ಅಲ್ಲ, ಗಾಲಿ ಹಳಿಯನ್ನು ಎಷ್ಟು ಬಿಗಿಯಾಗಿ ಒತ್ತುತ್ತದೆ ಎಂಬುದೂ ಹೌದು. ತೂಕದ ಐದನೇ ಒಂದು ಪಾಲಿನಷ್ಟು ಎಳೆತ ಸಿಕ್ಕರೆ ಹೆಚ್ಚು. ಅದನ್ನು ಮೀರಿದರೆ ಗಾಲಿ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಇತ್ತ ಹಿಂದಿನ ಬೋಗಿಗಳೂ ಸುಲಭಕ್ಕೆ ಉರುಳುವುದಿಲ್ಲ. ನಿಜವಾದ ಬೋಗಿಯನ್ನು ಸಮತಟ್ಟಾದ ಹಳಿಯ ಮೇಲೆ ಉರುಳಿಸಲು ಟನ್ನಿಗೆ ಎರಡು ಮೂರು ಕಿಲೋ ಎಳೆತ ಸಾಕು. ಪುಟ್ಟ ಅಚ್ಚಿನ ಘರ್ಷಣೆ ತೂಕದಷ್ಟು ವೇಗವಾಗಿ ಇಳಿಯದ ಕಾರಣ, ಮಾದರಿ ಬೋಗಿಗೆ ಅದರ ತೂಕಕ್ಕೆ ಹೋಲಿಸಿದಾಗ ಸುಮಾರು ಹತ್ತು ಪಟ್ಟು ಎಳೆತ ಬೇಕು. ಆದ್ದರಿಂದಲೇ ಬಲ್ಲವರು ಮಾದರಿಯ ಹೊಟ್ಟೆಯೊಳಗೆ ಸೀಸದ ತುಂಡುಗಳನ್ನು ತುಂಬಿ ತೂಕವನ್ನು ಲೆಕ್ಕಕ್ಕಿಂತ ದುಪ್ಪಟ್ಟು ಮಾಡುತ್ತಾರೆ.

ತಿರುವಿನದು ಇನ್ನೊಂದು ಕಥೆ. ನಮ್ಮ ಬ್ರಾಡ್‌ಗೇಜ್ ಹಳಿಯ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. 87 ಪಟ್ಟು ಕುಗ್ಗಿದರೆ ಅದು 2 ಮೀಟರ್. ಮನೆಯ ಮೇಜಿನ ಮೇಲೆ ಅಷ್ಟು ಜಾಗ ಎಲ್ಲಿ? ಮಾದರಿ ಹಳಿಗಳು ಸಾಮಾನ್ಯವಾಗಿ ಅರ್ಧ ಮೀಟರಿನೊಳಗೆ ತಿರುಗುತ್ತವೆ. ಷೋಕೇಸಿನ ಮಾದರಿಯಲ್ಲಿ ಆರು ಗಾಲಿಗಳ ಚೌಕಟ್ಟು ಒಡಲಿಗೆ ಅಂಟಿಕೊಂಡಿರುವುದುಂಟು. ಅದನ್ನು ಕತ್ತರಿಸಿ ತೆಗೆದು, ಓಡುವ ಬೇರೊಂದು ಮಾದರಿಯ ಚೌಕಟ್ಟನ್ನು ಎಡಬಲಕ್ಕೆ ಸಲೀಸಾಗಿ ತಿರುಗುವಂತೆ ಜೋಡಿಸಬೇಕು. ಅದು ತಿರುಗುವಾಗ ತಡೆಯುವ ಮೆಟ್ಟಿಲು, ಪೈಪುಗಳ ಒಳಬದಿಯನ್ನು ಅರದಿಂದ ಉಜ್ಜಿ ತೆಳುಮಾಡಬೇಕು. ಗಾಲಿಯ ಅಂಚೂ ಅಷ್ಟೆ: ನಿಜದ 28.5 ಮಿಲಿಮೀಟರ್ ಅಂಚು ಕುಗ್ಗಿದರೆ ಮಿಲಿಮೀಟರಿನ ಮೂರನೇ ಒಂದು ಪಾಲು. ಕೈಯಲ್ಲಿ ಜೋಡಿಸಿದ ಹಳಿಯ ಏರುಪೇರಿಗೆ ಅದು ಸಾಲದು, ಹಳಿ ತಪ್ಪುತ್ತದೆ. ಹಾಗಾಗಿ ಓಡುವ ಮಾದರಿಗಳಲ್ಲಿ ಅಂಚು ಅದರ ಸುಮಾರು ಎರಡರಷ್ಟಿರುತ್ತದೆ.

ಕರೆಂಟಿನ ವಿಷಯವನ್ನು ತುಸು ಹತ್ತಿರದಿಂದ ನೋಡಬೇಕು. 12 ವೋಲ್ಟ್ ವಿದ್ಯುತ್ತು ಒಂದು ಹಳಿಯಿಂದ ಎಡ ಗಾಲಿಗೆ ಹತ್ತಿ, ಮೋಟಾರಿನ ಮೂಲಕ ಹಾದು, ಬಲ ಗಾಲಿಯಿಂದ ಇನ್ನೊಂದು ಹಳಿಗೆ ಇಳಿಯುತ್ತದೆ. ಲೋಹದ ಅಚ್ಚು ಎರಡೂ ಗಾಲಿಗಳನ್ನು ನೇರವಾಗಿ ಕೂಡಿಸಿದರೆ ಶಾರ್ಟ್ ಆಗುವುದರಿಂದ ಒಂದು ಬದಿಯ ಗಾಲಿಗೆ ಪ್ಲಾಸ್ಟಿಕ್ ಬಳೆ ತೊಡಿಸಿ ಬೇರ್ಪಡಿಸಬೇಕು. ಗಾಲಿಯ ಬೆನ್ನಿಗೆ ತಾಗಿಕೊಂಡಿರುವ ತೆಳ್ಳನೆಯ ಕಂಚಿನ ಪಟ್ಟಿ ವಿದ್ಯುತ್ತನ್ನು ಮೋಟಾರಿಗೆ ಒಯ್ಯುತ್ತದೆ. ಆ ಪಟ್ಟಿ ಬಿಗಿಯಾದರೆ ಬ್ರೇಕಿನಂತೆ ತಡೆಯುತ್ತದೆ, ಸಡಿಲವಾದರೆ ಕರೆಂಟು ತಪ್ಪುತ್ತದೆ. ಮೋಟಾರು ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗವೆಂದರೆ ಮಾದರಿಗೆ ಸೆಕೆಂಡಿಗೆ 38 ಸೆಂಟಿಮೀಟರ್, ಅಂದರೆ ಗಾಲಿಗೆ ನಿಮಿಷಕ್ಕೆ ಆರುನೂರಕ್ಕಿಂತ ಕಡಿಮೆ ಸುತ್ತು. ಈ ಅಂತರವನ್ನು ಇಳಿಸುವುದು ತಿರುಪಿನ ಗೇರು. ಆದರೆ ಈ ಗೇರಿನ ಮೂಲಕ ಮೋಟಾರು ಗಾಲಿಯನ್ನು ತಿರುಗಿಸೀತೇ ಹೊರತು ಗಾಲಿ ಮೋಟಾರನ್ನು ತಿರುಗಿಸಲಾರದು. 112 ಟನ್ನಿನ ಎಂಜಿನ್ ಶಕ್ತಿ ಕಡಿತವಾದರೂ ತನ್ನ ಓಟದ ಬಲದಿಂದಲೇ ಕಿಲೋಮೀಟರುಗಟ್ಟಲೆ ಉರುಳುತ್ತದೆ, ಮಾದರಿ ಒಂದು ಧೂಳಿನ ಕಣ ಅಡ್ಡ ಬಂದು ಕರೆಂಟು ತಪ್ಪಿದರೆ ಗಕ್ಕನೆ ನಿಲ್ಲುತ್ತದೆ. ಇದಕ್ಕಾಗಿಯೇ ಮೋಟಾರಿನ ದಂಡಕ್ಕೆ ಪುಟ್ಟ ಹಿತ್ತಾಳೆಯ ಫ್ಲೈವೀಲ್ ಕೂರಿಸುತ್ತಾರೆ. ಕರೆಂಟು ತಪ್ಪಿದ ಆ ಕ್ಷಣವನ್ನು ಅದು ದಾಟಿಸುತ್ತದೆ.

ಸೀಸ ತುಂಬಿ, ಅಂಚು ಹಿಗ್ಗಿಸಿ, ತಿರುವು ಬಿಗಿಗೊಳಿಸಿದ ಮೇಲೆ ಅದು ಮೂಲದ ಮಾದರಿಯೇ ಅಲ್ಲವಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 87ರ ಈ ಅಳತೆಯ 16.5 ಮಿಲಿಮೀಟರ್ ಹಳಿ ಯುರೋಪು, ಅಮೆರಿಕಗಳ 1,435 ಮಿಲಿಮೀಟರ್ ಗೇಜಿಗೆ ಸರಿಹೊಂದುತ್ತದೆ. ನಮ್ಮ 1,676 ಮಿಲಿಮೀಟರ್ ಗೇಜಿಗೆ 19.3 ಬೇಕು. ಅಂದರೆ ಭಾರತೀಯ ಎಂಜಿನ್ನಿನ ಮಾದರಿ ಆ ಹಳಿಯ ಮೇಲೆ ನಿಂತಾಗಲೇ ಸುಮಾರು 3 ಮಿಲಿಮೀಟರಿನಷ್ಟು ರಾಜಿಯಾಗಿರುತ್ತದೆ. ಆದರೆ ನಿಂತ ಮಾದರಿ ಉಳಿಸಿಕೊಳ್ಳುವುದು ರೂಪವನ್ನು, ಓಡುವ ಮಾದರಿ ಉಳಿಸಿಕೊಳ್ಳಬೇಕಾದದ್ದು ತೂಕ, ಹಿಡಿತ, ಎಳೆತಗಳ ನಡುವಿನ ಸಂಬಂಧವನ್ನು. ಆ ಸಂಬಂಧ ಉಳಿಯಬೇಕಾದರೆ ಅಳತೆಯನ್ನು ಅಷ್ಟಿಷ್ಟು ಬಿಟ್ಟುಕೊಡಲೇಬೇಕು. ಸಿದ್ಧ ಮಾದರಿಯನ್ನೇ ಕೊಂಡರಾಗದೇ ಎಂದರೆ, ನಮ್ಮ ದೇಶದ ಎಂಜಿನ್‌ಗಳ ಓಡುವ ಮಾದರಿಗಳು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೂ, ಅದು ಏಕೆ ಓಡುತ್ತದೆ ಎಂಬುದು ಮುಚ್ಚಳದೊಳಗೇ ಉಳಿಯುತ್ತದೆ. ಒಂದು ಮಾತನ್ನು ಮಾತ್ರ ಒಪ್ಪಲೇಬೇಕು: ಕುಶಲಕರ್ಮಿಯೊಬ್ಬ ಕೈಯಾರೆ ಕಡೆದ, ಮತ್ತೊಂದು ಸಿಗದ ಮಾದರಿಗೆ ಗರಗಸ ಹಾಕುವುದು ಸಲ್ಲದು. ಅಚ್ಚಿನಿಂದ ಸಾವಿರಗಟ್ಟಲೆ ಬಂದ ಪ್ಲಾಸ್ಟಿಕ್ಕಿಗೆ ಆ ಹಿಂಜರಿಕೆ ಬೇಡ.

ನಮ್ಮ ಶಾಲೆಗಳ ವಿಜ್ಞಾನ ಮೇಳಗಳಲ್ಲಿ ಥರ್ಮಾಕೋಲಿನ ರೈಲು, ವಿಮಾನಗಳು ಚೆಂದವಾಗಿ ನಿಂತಿರುತ್ತವೆ. ಅವುಗಳ ಪಕ್ಕದಲ್ಲಿ ಒಂದು ತಕ್ಕಡಿ, ಒಂದು ಇಳಿಜಾರು ಹಳಿ, ನಾಲ್ಕು ಬೋಗಿ ಇಟ್ಟರೆ ಪಾಠ ಅಲ್ಲಿಂದ ಶುರುವಾಗುತ್ತದೆ. ಏರಿನಲ್ಲಿ ಗಾಲಿ ಜಾರಿದಾಗ ಸೀಸ ಸೇರಿಸಬೇಕೋ ಮೋಟಾರು ಬದಲಿಸಬೇಕೋ ಎಂದು ಮಕ್ಕಳು ತಾವೇ ತೂಗಿ ನೋಡಿ ನಿರ್ಧರಿಸಬೇಕಾಗುತ್ತದೆ. ತೂಕಕ್ಕೂ ಎತ್ತುವ ಬಲಕ್ಕೂ ಇದೇ ಬಗೆಯ ಲೆಕ್ಕ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರಿಗೂ ಬೇಕು. ಗುಬ್ಬಿಯ ಮಗುವಿಗೆ ಆ ಲೆಕ್ಕ ಮೊದಲು 171 ಗ್ರಾಮಿನ ಎಂಜಿನ್ನಿನ ಮೇಲೆ ಕೈಗೆ ಹತ್ತಲಿ.