ಟಂಡ್ರಾದ ಎರಡು ಕೀಟಗಳು: ಶೀತನಿರ್ವಹಣೆಯ ಎರಡು ಕ್ರಮಗಳು

ಕೀಟಗಳ ದೇಹೋಷ್ಣತೆ ಬಹುಮಟ್ಟಿಗೆ ಪರಿಸರವನ್ನೇ ಅವಲಂಬಿಸಿರುತ್ತದೆ. ಆದ್ದರಿಂದ ವರ್ಷದ ಬಹುಭಾಗ ಹಿಮಾವೃತವಾಗಿರುವ ಟಂಡ್ರಾದಲ್ಲಿ ಅವು ನೆಲೆನಿಂತ ಬಗೆ ಜೀವವಿಜ್ಞಾನದ ದೃಷ್ಟಿಯಿಂದ ಗಮನಾರ್ಹವಾದುದು. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ವಾಸಿಸುವ ಗೈನೆಫೊರ ಗ್ರೋನ್‌ಲ್ಯಾಂಡಿಕ ಎಂಬ ಪತಂಗ ಹಾಗೂ ಬಾಂಬಸ್ ಪೋಲಾರಿಸ್ ಎಂಬ ದುಂಬಿ ಒಂದೇ ಶೀತಕ್ಕೆ ಪರಸ್ಪರ ವಿರುದ್ಧವಾದ ಉತ್ತರಗಳನ್ನು ಕಂಡುಕೊಂಡಿವೆ.

ಪತಂಗವು ತನ್ನ ಆಯುಷ್ಯದ ಬಹುಕಾಲವನ್ನು ಕಂಬಳಿಹುಳುವಾಗಿಯೇ ಕಳೆಯುತ್ತದೆ. ಅದರ ಮುಖ್ಯ ಆಹಾರ ನೆಲಕ್ಕೆ ಹಬ್ಬಿ ಬೆಳೆಯುವ ಧ್ರುವೀಯ ವಿಲೋ ಗಿಡದ ಎಲೆ. ಮೇಯುವ ಅವಧಿ ಬಹುಪಾಲು ಜೂನ್ ತಿಂಗಳಿಗೆ ಸೀಮಿತ; ಆಗಲೂ ಹಗಲಿನ ಹೆಚ್ಚು ಹೊತ್ತು ಬಿಸಿಲು ಕಾಯಿಸುವುದರಲ್ಲೇ ಕಳೆಯುತ್ತದೆ. ಬೇಸಿಗೆ ಮುಗಿಯುವ ಮೊದಲೇ ರೇಷ್ಮೆಯ ಗೂಡು ನೇಯ್ದು ಅಡಗುವುದರಿಂದ ಪರಾವಲಂಬಿ ನೊಣ ಹಾಗೂ ಕಣಜಗಳ ಕಾಟ ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ದೇಹದ್ರವವು ಜೀವಕೋಶಗಳ ಹೊರಗೆ ಹೆಪ್ಪುಗಟ್ಟುತ್ತದೆ. ಗ್ಲಿಸರಾಲ್ ಕೋಶಗಳನ್ನು ರಕ್ಷಿಸುತ್ತದೆ. ಹೀಗೆ -60° ಸೆಲ್ಸಿಯಸ್‌ಗಿಂತ ಕೆಳಗಿನ ಶೀತದಲ್ಲಿಯೂ ಹುಳು ಬದುಕುಳಿಯಬಲ್ಲುದು. ಬೆಳವಣಿಗೆ ಮಾತ್ರ ಅತಿ ನಿಧಾನ. ಜೀವನಚಕ್ರಕ್ಕೆ 14 ವರ್ಷ ಬೇಕೆಂದು ಹಿಂದೆ ಅಂದಾಜಿಸಲಾಗಿತ್ತು. 1998ರಲ್ಲಿ ಮೋರ್‌ವುಡ್ ಮತ್ತು ರಿಂಗ್ ಅದನ್ನು 7 ವರ್ಷಕ್ಕೆ ಪರಿಷ್ಕರಿಸಿದರು.

ದುಂಬಿಯ ಮಾರ್ಗ ಬೇರೆ. ಚಳಿಗಾಲವನ್ನು ದಾಟುವುದು ಗರ್ಭಧರಿಸಿದ ರಾಣಿ ಮಾತ್ರ. ಹಿಮ ಕರಗಿದೊಡನೆ ಅದು ರೆಕ್ಕೆಗಳನ್ನು ಆಡಿಸದೆಯೇ ಹಾರಾಟದ ಸ್ನಾಯುಗಳನ್ನು ಕಂಪಿಸಿ ಶಾಖವನ್ನು ಉತ್ಪಾದಿಸುತ್ತದೆ. ದಟ್ಟ ರೋಮಗಳು ಆ ಶಾಖವನ್ನು ಹಿಡಿದಿಡುತ್ತವೆ. ಗೂಡಿನಲ್ಲಿ ಉದರವನ್ನು ಮರಿಗಳಿಗೆ ಒತ್ತಿ, ಹಕ್ಕಿಯಂತೆ ಕಾವು ಕೊಡುತ್ತದೆ. ಈ ಶಾಖಕ್ಕೆಲ್ಲ ಇಂಧನ ಹೂವಿನ ಮಕರಂದ. ಕೆಲವೇ ಕೆಲಸಗಾರ ದುಂಬಿಗಳು ಬೆಳೆದೊಡನೆ ಹೊಸ ರಾಣಿಗಳು ಮತ್ತು ಗಂಡುಗಳು ಹುಟ್ಟುತ್ತವೆ. ಒಂದೇ ಬೇಸಿಗೆಯಲ್ಲಿ ಕುಟುಂಬದ ಕಥೆ ಮುಗಿಯುತ್ತದೆ.

ಪತಂಗವು ಶಕ್ತಿಯನ್ನು ಉಳಿಸಿ ಕಾಲವನ್ನು ವ್ಯಯಿಸುತ್ತದೆ; ದುಂಬಿಯು ಕಾಲವನ್ನು ಉಳಿಸಿ ಶಕ್ತಿಯನ್ನು ವ್ಯಯಿಸುತ್ತದೆ. ಮೊದಲನೆಯದಕ್ಕೆ ಒಂದು ಕೆಟ್ಟ ಬೇಸಿಗೆ ಕೇವಲ ವಿಳಂಬ. ಎರಡನೆಯದಕ್ಕೆ ಅದು ವಂಶನಾಶವಾಗಬಹುದು.

1979ರಿಂದೀಚೆಗೆ ಧ್ರುವಪ್ರದೇಶವು ಜಾಗತಿಕ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆಯೆಂದು 2022ರ ಅಧ್ಯಯನವೊಂದು ತೋರಿಸಿದೆ. ಉಷ್ಣತೆ ಏರುವುದು ಶೀತವಾಸಿಗಳಿಗೆ ಅನುಕೂಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಹೆಪ್ಪುಗಟ್ಟಿದ ಹುಳುವಿನಲ್ಲಿ ಚಯಾಪಚಯ ಬಹುತೇಕ ಸ್ತಬ್ಧವಾಗಿರುತ್ತದೆ. ಬೆಚ್ಚಗಾದಷ್ಟೂ ಕೂಡಿಟ್ಟ ಆಹಾರ ಕರಗುತ್ತದೆ. ದುಂಬಿಗಾದರೋ, ರಾಣಿ ಹೊರಬರುವ ಕಾಲಕ್ಕೆ ಹೂವು ಅರಳಿರಬೇಕು. ಟಂಡ್ರಾದ ಕೀಟಗಳಿಗೆ ಶೀತವು ಕೇವಲ ಶತ್ರುವಲ್ಲ. ಅವುಗಳ ಬದುಕಿನ ಲೆಕ್ಕಾಚಾರ ನಿಂತಿರುವುದೇ ಅದರ ಮೇಲೆ.